ಪಟ್ಟಿಯಲ್ಲಿ ಇಲ್ಲದ ಊರು

ನಮ್ಮ ಓಣಿಯಲ್ಲಿ ಒಂದು ಮದುವೆ ಮುರಿದುಬೀಳುವುದರಲ್ಲಿತ್ತು, ಅದೂ ವಿಳಾಸದ ದೆಸೆಯಿಂದ. ಹುಡುಗಿಯ ತಂದೆ ಯಲಬುರ್ಗಾ ಕಡೆಯ ಬೀಗರಿಗೆ ತನ್ನ ಊರಿನ ಹೆಸರು ಹೇಳಿ ಬಂದಿದ್ದ. ಬೀಗರು ಕೇಳುತ್ತ ಕೇಳುತ್ತ ಬಂದವರು ಸೀದಾ ತುಂಗಭದ್ರೆಯ ಹಿನ್ನೀರಿನ ದಂಡೆಗೆ ಬಂದು ನಿಂತರು. ಮುಂದೆ ದಾರಿಯಿಲ್ಲ. ಅಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ "ನೀವು ಕೇಳೂ ಊರು ಅಲ್ಲೈತ್ರಿ" ಎಂದು ನೀರಿನ ನಡುವೆ ಕೈ ತೋರಿಸಿದನಂತೆ. ಅವರು ಸುತ್ತು ಹಾಕಿ ನಮ್ಮ ಓಣಿ ಮುಟ್ಟುವಷ್ಟರಲ್ಲಿ ಹುಡುಗನ ಸೋದರಮಾವ ಕೆಂಡವಾಗಿದ್ದ. "ಹೆಣ್ಣು ಕೊಡಾಕ ಕರದೀರೋ, ನೀರಿಗೆ ದೂಡಾಕ ಕರದೀರೋ?" ಎಂದು ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತುಬಿಟ್ಟ. ಅವನನ್ನು ಒಳಗೆ ಕರೆಯಲು ಹಿರಿಯರಿಗೆ ಸಾಕುಸಾಕಾಯಿತು.

ನಾವು ಮುಳುಗಡೆಯ ಮಂದಿ. ಆಣೆಕಟ್ಟಿನ ನೀರು ಏರಿದಾಗ ನಾನು ಅವ್ವನ ಕಂಕುಳಲ್ಲಿದ್ದೆ. ಊರು ಬಿಟ್ಟವರಿಗೆ ಸರ್ಕಾರ ಮುನಿರಾಬಾದಿನ ಸಮೀಪ ಸುಣ್ಣದ ಗೆರೆ ಎಳೆದು ಜಾಗ ಕೊಟ್ಟಿತು. ಅದಕ್ಕೆ ಸರ್ಕಾರ ಇಟ್ಟ ಹೆಸರು ಕ್ಯಾಂಪು, ಜೊತೆಗೊಂದು ನಂಬರು. ಇಪ್ಪತ್ತು ವರ್ಷ ಅಲ್ಲೇ ಉಂಡು, ಮಲಗಿ, ಮಕ್ಕಳನ್ನು ಹೆತ್ತರೂ, ಯಾರಾದರೂ "ಯಾವೂರಾತ್ರಿ?" ಎಂದು ಕೇಳಿದರೆ ನಮ್ಮ ಹಿರಿಯರ ಬಾಯಲ್ಲಿ ನೀರೊಳಗಿನ ಊರೇ ಬರುತ್ತಿತ್ತು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದಾಗೆಲ್ಲ ತಕರಾರೇ ಆಗಿದೆ.

ನನಗೆ ಮೂರು ವರ್ಷವಿದ್ದಾಗ ಜ್ವರ ಬಂತು. ಹೋಗುವಾಗ ಬಲಗಾಲಿನ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಡಾಕ್ಟರು ಪೋಲಿಯೋ ಎಂದರು. ಊರದೇವತೆಯನ್ನು ನೀರಲ್ಲಿ ಬಿಟ್ಟು ಬಂದದ್ದಕ್ಕೆ ಆಕೆ ಮುನಿದಿದ್ದಾಳೆ ಎಂದು ಅವ್ವ ಅಂದಳು. ನನಗಂತೂ ಜ್ವರದ ಮೇಲೂ ದೇವತೆಯ ಮೇಲೂ ಸಿಟ್ಟಿತ್ತು. ಊರು ಹೋಗುವಾಗ ಯಾರೂ ನನ್ನನ್ನು ಕೇಳಿರಲಿಲ್ಲ, ಕಾಲು ಹೋಗುವಾಗಲೂ ಕೇಳಿರಲಿಲ್ಲ.

ಅಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗಿ ಸಾಲಿಗೆ ಹಾಕಿದ. ಹೆಡ್‌ಮಾಸ್ತರರು ಹುಟ್ಟಿದ ಊರು ಕೇಳಿದರು, ಹಳೆಯ ಊರು ಹೇಳಿದ. ಈಗಿರುವ ಊರು ಕೇಳಿದರು, ಅದಕ್ಕೂ ಅದನ್ನೇ ಹೇಳಿದ. ಅವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡರು. ಓಣಿಯ ಎಲ್ಲ ಅಪ್ಪಂದಿರೂ ಮಾಡಿದ್ದು ಇದನ್ನೇ. ಅಕ್ಷರ ಬಾರದ ಅಪ್ಪನಿಗೆ ಕಾಗದದ ಮೇಲೆ ಭಾರೀ ನಂಬಿಗೆ. "ಕಾಗದದಾಗ ಇರೂತನಕ ಊರು ಐತಿ ಅಂತ ತಿಳಿ" ಎನ್ನುತ್ತಿದ್ದ.

ಮುಂದೆ ಆಣೆಕಟ್ಟಿನ ಕಾಲೊನಿಯ ಹೈಸ್ಕೂಲಿಗೆ ಹೋದೆ. ನನಗೆ ಹನ್ನೆರಡು ತುಂಬುವವರೆಗೆ ಸಾಲಿಗೆ ಹೋಗಲು ಅಪ್ಪನ ಬೆನ್ನು, ಆಮೇಲೆ ಭಾಗ್ಯನಗರದ ಬಡಿಗನೊಬ್ಬ ಮಾಡಿಕೊಟ್ಟ ಜಾಲಿಕಟ್ಟಿಗೆಯ ಊರುಗೋಲು. "ಕುಂಟ ಹುಡುಗಿಗೆ ಸಾಲಿ ಯಾಕ್ರಿ, ಹೊಲಿಗಿ ಕಲಸ್ರಿ" ಎಂದು ಅಪ್ಪನಿಗೆ ಬುದ್ಧಿ ಹೇಳಿದವರು ಬಹಳ. ಹೊಲಿಗೆ ಮಷೀನು ತುಳಿಯಲು ಕಾಲು ಬೇಕೆಂಬುದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾನು ಹಟ ಹಿಡಿದು ಓದಿದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದೆ. ಎಪ್ಪತ್ತರ ದಶಕದ ಆರಂಭದ ವರ್ಷಗಳವು, ನನಗೆ ಇಪ್ಪತ್ತು ತುಂಬಿತ್ತು. ಸೀಟು ಸಿಕ್ಕಿದೆ, ಹದಿನೈದು ದಿನದೊಳಗೆ ರಹವಾಸಿ ದಾಖಲೆ ತರಬೇಕು ಎಂದು ಕಾಗದ ಬಂತು. ತಾನು ಯಾವ ಊರಿನ ವಾಸಿ ಎಂದು ಕಚೇರಿ ಬರೆದುಕೊಡುವ ಒಂದು ಚೀಟಿ, ಅಷ್ಟೇ.

ಕಚೇರಿ ಮಾಳಿಗೆಯ ಮೇಲಿತ್ತು. ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಮೇಲಿನ ಮೆಟ್ಟಿಲಿಗೆ ಕೈ ಊರಿ, ಮೈ ಎತ್ತಿ ಎತ್ತಿ ಹತ್ತುವುದು ನನ್ನ ಪದ್ಧತಿ. ಗುಮಾಸ್ತರು ಕೆಟ್ಟವರಲ್ಲ, ಏದುಸಿರು ಬಿಡುತ್ತಿದ್ದವಳಿಗೆ ಮೊದಲು ನೀರು ತರಿಸಿ ಕೊಟ್ಟರು. ಆಮೇಲೆ ನನ್ನ ಸಾಲಿಯ ಕಾಗದದಲ್ಲಿದ್ದ ಊರಿನ ಹೆಸರು ನೋಡಿ, ದಪ್ಪ ಪುಸ್ತಕ ತೆರೆದು ಮೇಲಿನಿಂದ ಕೆಳಗೆ ಎರಡು ಸಲ ಬೆರಳಾಡಿಸಿದರು.

"ತಂಗಿ, ಈ ಹೆಸರಿನ ಊರು ನಮ್ಮ ಪಟ್ಟಿಯಾಗ ಇಲ್ಲವಾ. ಇಲ್ಲದ ಊರಿನ ರಹವಾಸಿ ಅಂತ ಹೆಂಗ ಬರದು ಕೊಡ್ಲಿ?"

"ಇತ್ರಿ. ನೀರಾಗ ಹೋಗೈತಿ."

"ಅದನ್ನ ನಾನೂ ಹೇಳಾಕತ್ತೀನಿ."

ದಾರಿಯನ್ನೂ ಅವರೇ ಹೇಳಿದರು. ಸಾಲಿಯಲ್ಲಿ ಆ ಹೆಸರನ್ನು ತಪ್ಪಿ ಬರೆಸಿದ್ದೇನೆ, ನನಗೂ ಆ ಊರಿಗೂ ಸಂಬಂಧವಿಲ್ಲ, ನಮ್ಮ ಊರು ಕ್ಯಾಂಪು ಎಂಬ ಹೇಳಿಕೆಗೆ ಅಪ್ಪ ಹೆಬ್ಬೆಟ್ಟು ಒತ್ತಿದರೆ ಅದೇ ದಿನ ದಾಖಲೆ ಕೊಡುತ್ತಾರೆ. ಇಷ್ಟೇ ತಾನೆ ಎಂದು ನಾನು ಸಂತೋಷದಿಂದಲೇ ಮೆಟ್ಟಿಲಿಳಿದೆ.

ಅಪ್ಪ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ. ಕೇಳಿ ತಂಬಿಗೆಯನ್ನು ಕೆಳಗಿಟ್ಟ. "ತಪ್ಪಿ ಬರ್ಸೀನಿ ಅಂತ ಹೇಳ್ಲಾ? ಸಂಬಂಧ ಇಲ್ಲ ಅಂತ ಹೇಳ್ಲಾ? ಹಂಗಾರ ನಮ್ಮಪ್ಪನ್ನ ಎಲ್ಲಿ ಮಣ್ಣು ಮಾಡೀನಿ ನಾ?"

ಹದಿನೈದು ದಿನದ ಗಡುವು ಓಡುತ್ತಿತ್ತು. ಒಂದು ವಾರ ಬೇಡಿಕೊಂಡೆ, ಊಟ ಬಿಟ್ಟೆ, ಮಾತು ಬಿಟ್ಟೆ. ಅಪ್ಪ ಜಗ್ಗಲಿಲ್ಲ. ಎಂಟನೆಯ ದಿನ ನನ್ನ ಬಾಯಿ ಹಿಡಿತ ತಪ್ಪಿತು. "ನೀರಾಗಿನ ಕಲ್ಲು ಹೆಚ್ಚಾದ್ವು ನಿನಗ. ಮುಂದ ಕುಂತ ಮಗಳು ಹೆಚ್ಚಾಗ್ಲಿಲ್ಲ. ನನ್ನ ಕಾಲಂತೂ ಹೋತು, ಈಗ ಕೈನೂ ಕಟ್ಟಿ ಮೂಲ್ಯಾಗ ಕುಂದ್ರಸು" ಎಂದೆ.

"ಬಾಯಿ ಅಲ್ಲ ಅದು, ಕುಡಗೋಲು" ಎಂದು ಅವ್ವ ನನ್ನ ಮೇಲೆ ಹರಿಹಾಯ್ದಳು. ನನ್ನನ್ನು ಆರು ವರ್ಷ ಹೊತ್ತು ತಿರುಗಿದ ಮನುಷ್ಯನಿಗೆ ನಾನು ಹಾಗೆ ಅನ್ನಬಾರದಿತ್ತು. ಅಂದೆ. ಈಗ ನೆನೆದರೂ ಮೈ ಹಿಡಿಯಾಗುತ್ತದೆ.

ಮರುದಿನ ಬೆಳಿಗ್ಗೆ ಅಪ್ಪ ಒಗೆದ ಧೋತರ ಉಟ್ಟು, ತಲೆಗೆ ಬಿಳಿ ಪಟಗಾ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. "ನಡಿ, ಬಸ್ ಬರೂ ಹೊತ್ತಾತು."

ಕಚೇರಿಯ ಮೆಟ್ಟಿಲ ಬುಡಕ್ಕೆ ಬಂದಾಗ ರೂಢಿಯಿಂದ ಬಗ್ಗಿ ಬೆನ್ನು ಕೊಟ್ಟ. ನಾನು ಬೇಡವೆಂದು ಕೂತು ಹತ್ತತೊಡಗಿದೆ. ಅವನು ನನ್ನ ಮಗ್ಗುಲಲ್ಲೇ, ನಾನೊಂದು ಮೆಟ್ಟಿಲು ಏರಿದರೆ ತಾನೊಂದು ಏರುತ್ತ, ಕೆಳಗಿನ ಮಂದಿಗೆ ನಾನು ಕಾಣದಂತೆ ಹೆಗಲ ವಸ್ತ್ರವನ್ನು ಅಗಲ ಮಾಡಿ ಹಿಡಿದುಕೊಂಡು ಬಂದ.

ಗುಮಾಸ್ತರು ಹೇಳಿಕೆಯನ್ನು ಓದಿ ಹೇಳಿದರು. "ಆ ಸಂಬಂಧ ಇಲ್ಲ ಅನ್ನೂದೊಂದನ್ನ ತಗದು ಬರೀರಿ" ಎಂದ ಅಪ್ಪ.

"ಹಂಗ ಬರಂಗಿಲ್ರಿ ಯಜಮಾನ್ರ. ಮಾತು ಅರ್ಧ ಆದ್ರ ದಾಖಲೆ ನಿಲ್ಲಂಗಿಲ್ಲ."

ಅಪ್ಪ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಒತ್ತಿದ. ಕಾಗದದ ಮೇಲೆ ಏನೂ ಮೂಡಲಿಲ್ಲ. ಗುಮಾಸ್ತರೇ ಎದ್ದು ಬಂದು, ಅವನ ಮುಂಗೈ ಹಿಡಿದು, ಗಟ್ಟಿಯಾಗಿ ಒತ್ತಿಸಬೇಕಾಯಿತು. ದಾಖಲೆ ಕೈಗೆ ಬಂತು. ಬಸ್ಸಿನಲ್ಲಿ ಪಕ್ಕ ಕೂತವರೊಬ್ಬರು ಲೋಕಾಭಿರಾಮವಾಗಿ "ಯಾವೂರ್ರಿ ಹಿರಿಯಾರ?" ಎಂದರು. "ಕ್ಯಾಂಪು" ಎಂದ ಅಪ್ಪ. ಅವನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ನಾನು ದಾಖಲೆಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡೆ.

ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಊರಿನ ಪಾಯಗಳು ಹೊರಗೆ ಕಾಣುತ್ತವೆ. ಓಣಿಯವರೆಲ್ಲ ರೊಟ್ಟಿಬುತ್ತಿ ಕಟ್ಟಿಕೊಂಡು ಹೋಗಿ, ತಮ್ಮ ತಮ್ಮ ಮನೆಯ ಕಲ್ಲು ಗುರುತಿಸಿ, ಅಡುಗೆಮನೆ ಇದ್ದ ಕಡೆ ಕೂತು ಉಂಡು ಬರುವುದು ವಾಡಿಕೆ. ಕೆಸರಿನಲ್ಲಿ ಊರುಗೋಲು ಹೂತುಹೋಗುವುದರಿಂದ ನಾನು ಒಮ್ಮೆಯೂ ಹೋದವಳಲ್ಲ. ಅಪ್ಪ ಒಂದು ವರ್ಷವೂ ತಪ್ಪಿಸಿದವನಲ್ಲ. ತರಬೇತಿಯಿಂದ ರಜೆಗೆ ಬಂದಾಗ ನೋಡುತ್ತೇನೆ, ಎಲ್ಲರೂ ಹೋಗಿದ್ದಾರೆ, ಅಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದಾನೆ. "ಯಾಕಪ್ಪ, ಹೋಗ್ಲಿಲ್ಲ?" ಎಂದೆ.

"ಸಂಬಂಧ ಇಲ್ಲ ಅಂತ ಹೆಬ್ಬೆಟ್ಟು ಕೊಟ್ಟು ಬಂದೀನಿ. ಹಂಗ ಹೇಳಿ, ಯಾವ ಮುಖ ಇಟಗೊಂಡು ಹೋಗಿ ಅಲ್ಲಿ ಕುಂದರ್ಲಿ?"

ಅದು ಬರೀ ಕಾಗದ ಎಂದೆ. ಕಾಗದವೆಂದೇ ಹೋಗುವುದಿಲ್ಲ ಎಂದ. ಅವತ್ತು ನನಗೆ ಗೊತ್ತಾಯಿತು, ನಾನು ಅಪ್ಪನಿಂದ ಪಡೆದದ್ದು ಹೆಬ್ಬೆಟ್ಟು ಮಾತ್ರವಲ್ಲ ಎಂದು.

ಮೊದಲು ಗಂಗಾವತಿಯ ಕಾಲುವೆ ಸೀಮೆಯಲ್ಲಿ, ಆಮೇಲೆ ಕುಷ್ಟಗಿ ಕಡೆಯ ಹಳ್ಳಿಯಲ್ಲಿ ನೌಕರಿ ಮಾಡಿದೆ. ನಿಂತು ಬರೆಯುವುದು ಆಗದ್ದರಿಂದ ಹಲಗೆಯನ್ನು ನೆಲಕ್ಕಿಳಿಸಿಕೊಂಡು ಕೂತೇ ಕಲಿಸಿದೆ. ಕಾಲಿಲ್ಲದವರು, ಕಣ್ಣಿಲ್ಲದವರು ಒಬ್ಬೊಬ್ಬರೇ ಕಾಗದ ಹಿಡಿದು ಮನೆಗೆ ಬರತೊಡಗಿದರು. ಬಸ್ಸಿನ ಪಾಸು, ಮಾಸಾಶನ, ಮಕ್ಕಳ ದಾಖಲಾತಿ. ಅವರನ್ನು ಕರೆದುಕೊಂಡು ಕಚೇರಿಗೆ ಹೋಗುತ್ತಿದ್ದೆ, ಆದರೆ ಮೆಟ್ಟಿಲು ಹತ್ತುವುದನ್ನು ಬಿಟ್ಟೆ. ಕೆಳಗೇ ಕೂತು ಸಾಹೇಬರಿಗೆ ಹೇಳಿ ಕಳಿಸುವುದು. "ಅಕ್ಕೋರ, ಕುಂಟನಿಗೆ ಎಂಟು ಚೇಷ್ಟಿ ಅಂತಾರ, ನಿಮ್ಮನ್ನ ನೋಡೇ ಹೇಳಿರ್ಬೇಕು" ಎಂದು ಜವಾನ ಛೇಡಿಸಿದ. "ಎಂಟು ಮುಗದಾವ, ಇದು ಒಂಬತ್ತನೇದು. ಹೋಗಿ ಕರಕೊಂಡ ಬಾ" ಎಂದೆ. ಎರಡು ತಾಸು ಕೂತ ಮೇಲೆ ಸಾಹೇಬರು ಇಳಿದು ಬಂದರು. ಹೀಗೆ ಹಲವು ಸಲ ಇಳಿದು ಹತ್ತಿ ಅವರಿಗೇ ಮೊಣಕಾಲು ಹಿಡಿದುಕೊಂಡಿತೋ ಏನೋ, ಸಂತೆಯ ದಿನ ಕೆಳಗೆ ಒಂದು ಮೇಜು ಹಾಕಿಸಿದರು.

ಕ್ಯಾಂಪಿನ ತಕರಾರು ಮಾತ್ರ ಹಾಗೇ ಇತ್ತು. ಒಂದೊಂದು ಮನೆಯಲ್ಲಿ ಒಬ್ಬೊಬ್ಬ ಅಪ್ಪ, ಮಗನ ನೌಕರಿಗೋ ಮಗಳ ಕಾಲೇಜಿಗೋ, ಸಂಬಂಧ ಇಲ್ಲ ಎಂದು ಹೆಬ್ಬೆಟ್ಟು ಒತ್ತುತ್ತಲೇ ಇದ್ದ. ನಾನು ಅರ್ಜಿ ಬರೆದೆ, ತಾಲೂಕಿಗೆ, ಆಗ ನಮ್ಮ ಜಿಲ್ಲಾ ಕೇಂದ್ರವಾಗಿದ್ದ ರಾಯಚೂರಿಗೆ, ಮತ್ತೆ ತಾಲೂಕಿಗೆ. ವರ್ಷಗಟ್ಟಲೆ ಅದು ನೀರಲ್ಲಿ ಹೋಮ ಮಾಡಿದಂತಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮಗೆ ದೇವರೂ ಕೊಟ್ಟಿರಲಿಲ್ಲ. ಕೊನೆಗೆ ಒಬ್ಬ ಹೊಸ ಅಧಿಕಾರಿ "ಊರು ಇತ್ತು ಅನ್ನಾಕ ಏನು ಪುರಾವೆ ಐತಿ?" ಎಂದು ಕೇಳಿದರು. ಮನೆಮನೆಗೆ ಹೋಗಿ ಟ್ರಂಕಿನ ತಳದಲ್ಲಿದ್ದ ಕಾಗದಗಳನ್ನು ಎತ್ತಿಸಿದೆ. ಹೊಲ ಮನೆ ವಶಪಡಿಸಿಕೊಳ್ಳುವಾಗ ಸರ್ಕಾರವೇ ಕೊಟ್ಟ ನೋಟೀಸುಗಳು, ಒಂದೊಂದರ ಮೇಲೂ ಊರಿನ ಹೆಸರು. ಅವರ ಮುಂದೆ ಹರವಿ ಹೇಳಿದೆ: "ಮುಳುಗಸೂವಾಗ ಊರು ಇತ್ತು. ದಾಖಲೆ ಕೊಡೂವಾಗ ಇಲ್ಲ. ಇದು ಹೆಂಗ್ರೀ ಸರ?"

ಅವರು ಬಹಳ ಹೊತ್ತು ಆ ಕಾಗದಗಳನ್ನು ತಿರುವಿ ನೋಡಿದರು. ಎಂಬತ್ತರ ದಶಕ ಅರ್ಧ ದಾಟಿತ್ತು, ಆದೇಶ ಬಂತು. ಇನ್ನು ಮುಂದೆ ರಹವಾಸಿ ದಾಖಲೆಯಲ್ಲಿ ಕ್ಯಾಂಪಿನ ಜೊತೆಗೆ ಮೂಲ ಊರನ್ನೂ ಬರೆದು ಮುಳುಗಡೆ ಎಂದು ನಮೂದಿಸಬೇಕು. ಹಿಂದೆ ಬರೆಸಿಕೊಂಡ ಹೇಳಿಕೆಗಳೆಲ್ಲ ರದ್ದು.

ಮೊದಲನೆಯ ದಾಖಲೆಯನ್ನು ಅಪ್ಪನ ಹೆಸರಿನಲ್ಲೇ ಮಾಡಿಸಿಕೊಂಡು ಮನೆಗೆ ಹೋದೆ. ಅವನಿಗೆ ಕಣ್ಣು ಮಂಜಾಗಿತ್ತು. ಕಾಗದವನ್ನು ಕೈಯಲ್ಲಿ ಹಿಡಿದು "ಓದು" ಎಂದ. ಓದಿದೆ. ಊರಿನ ಹೆಸರು ಬಂದಾಗ ಅವನ ತುಟಿಯೂ ನನ್ನ ಜೊತೆ ಆಡಿತು. ನಾನು ಹೊಗಳಿಕೆಯ ಮಾತಿಗೆ ಕಾಯುತ್ತ ಕೂತೆ, ಸುಳ್ಳು ಯಾಕೆ ಹೇಳಲಿ.

"ಅವತ್ತಿನ ಹೆಬ್ಬೆಟ್ಟು?" ಎಂದ.

"ರದ್ದಾತಪ್ಪ."

ಅವನು ಕಾಗದವನ್ನು ಮಡಚಿದ, ಮತ್ತೆ ಬಿಚ್ಚಿದ. ಆಮೇಲೆ ಸಾಲಿಯ ಮಗು ಮಾಸ್ತರರ ಅಪ್ಪಣೆ ಕೇಳುವಂತೆ ನನ್ನನ್ನು ಕೇಳಿದ:

"ಹಂಗಾರ ಇನ್ನ ನಾ ಅಲ್ಲಿಗಿ ಹೋಗಬೋದೇನವಾ?"