ಅಯಸ್ಕಾಂತದ ಕೋಣೆಯ ಹೊರಗೆ

ನಮ್ಮಜ್ಜಿಯ ಪ್ರಕಾರ ಊರು ಬಿಟ್ಟು ಹೋದವರಿಗೆ ಎರಡೇ ಕೆಲಸ: ಹುಷಾರಾಗಿ ತಿರುಗಿ ಬರುವುದು, ಬಂದಮೇಲೆ ಕಂಡದ್ದನ್ನೆಲ್ಲ ಒಪ್ಪಿಸುವುದು. ಅಜ್ಜಂಪುರದಿಂದ ಕಡೂರಿಗೆ ಹೋಗಿ ಸಂಜೆಗೆ ಬಂದವರಿಗೂ ವಿನಾಯಿತಿ ಇರಲಿಲ್ಲ. ಕಂಬಳಿ ಹಾಸಿ, ಮಜ್ಜಿಗೆ ಕೊಟ್ಟು, "ಹ್ಞೂಂ, ಬಸ್ಸು ಹತ್ತಿದ್ರಿ, ಆಮೇಲೆ?" ಎಂದು ಶುರುಮಾಡುವಳು. ಅವಳ ತವರು ಚೌಳಹಿರಿಯೂರು. ಒಮ್ಮೆ ಲಕ್ಕವಳ್ಳಿಯ ಅಣೆಕಟ್ಟು ನೋಡಿ ಬಂದಿದ್ದಳು. ಮಿಕ್ಕ ಲೋಕವೆಲ್ಲ ಅವಳಿಗೆ ಬೇರೆಯವರ ಬಾಯಿಂದ ಬಂದದ್ದು. ನಾನು ಮಾತು ಕಲಿತದ್ದೂ ಆ ಕಂಬಳಿಯ ಅಂಚಿನಲ್ಲೇ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೆ. ಪಶ್ಚಿಮ ಜರ್ಮನಿಯ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳನ್ನು ತೋರಿಸಲು ನಮ್ಮಲ್ಲಿ ಹನ್ನೆರಡು ಮಂದಿಯನ್ನು ಕರೆದೊಯ್ಯುವುದೆಂದಾಯಿತು. ನಮ್ಮ ಕಡೆಯವರು ಇಬ್ಬರು, ನಾನು ಮತ್ತು ತರೀಕೆರೆ ಹತ್ತಿರದ ಅಮೃತಾಪುರದ ಗೆಳೆಯ. ನನಗೆ ಬೇಕಿದ್ದದ್ದು ಒಂದೇ, ಅಲ್ಲಿನ ಒಂದು ದೊಡ್ಡ ಅಯಸ್ಕಾಂತ. ಅದರ ಚಿತ್ರವನ್ನು ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದರೋ. ನಾನು ಅದನ್ನು ಅಜ್ಜಿಗೂ ಬರೆದು ತೋರಿಸಿದ್ದೆ.

"ಎಷ್ಟು ಎಳೀತದೋ ಅದು?"

"ನೋಡ್ಕೊಂಡು ಬಂದು ಹೇಳ್ತೀನಿ ಕಣಜ್ಜಿ."

ಅಜ್ಜಿ ತಲೆಯಾಡಿಸಿ ನನ್ನ ಕೊರಳಿಗೆ ಕೈಹಾಕಿದಳು. ಅಲ್ಲಿ ಶಿವದಾರದಲ್ಲಿ ತೂಗುತ್ತಿದ್ದದ್ದು ಅಜ್ಜನ ಬೆಳ್ಳಿಯ ಕರಡಿಗೆ, ಅದರೊಳಗೆ ನನ್ನ ಲಿಂಗ. ಗಂಟನ್ನು ಎಳೆದು ನೋಡಿ, "ಯಾವ ದೇಶಕ್ಕಾದ್ರೂ ಹೋಗು, ಲಿಂಗ ಮೈಬಿಟ್ಟು ಇರಬಾರ್ದು" ಎಂದಳು. ಅದಕ್ಕೂ ಹ್ಞೂಂ ಅಂದೆ.

ಜರ್ಮನಿಯಲ್ಲಿ ನಾಲ್ಕನೆಯ ದಿನ ಅಯಸ್ಕಾಂತದ ಕೋಣೆಯ ಬಾಗಿಲಿಗೆ ಬಂದೆವು. ಬಿಳಿ ಕೋಟಿನ ತಂತ್ರಜ್ಞನೊಬ್ಬ ಮರದ ತಟ್ಟೆ ಹಿಡಿದು ನಿಂತಿದ್ದ. ಗಡಿಯಾರ, ಬೀಗದ ಕೈ, ಬೆಲ್ಟು ಎಲ್ಲ ಅದರಲ್ಲಿ ಬಿದ್ದವು. ಆಮೇಲೆ ಅವನು ನನ್ನ ಕೊರಳಿನತ್ತ ಬೆರಳು ಮಾಡಿ, ಯಾವ ಲೋಹವೂ ಒಳಗೆ ಬರುವಂತಿಲ್ಲ ಎಂದ. ಅಯಸ್ಕಾಂತ ಬೆಳ್ಳಿಯನ್ನು ಎಳೆಯುವುದಿಲ್ಲವೆಂದು ನಾನೂ ಬಲ್ಲೆ, ಅವನೂ ಬಲ್ಲ. ಆದರೆ ನಿಯಮ ಅವನದು, ಬಾಗಿಲೂ ಅವನದು.

"ನನ್ನ ಕೈಲಿ ಕೊಡಯ್ಯಾ, ನಾನು ಹೊರಗೇ ಇರ್ತೀನಿ" ಎಂದರು ನಮ್ಮನ್ನು ಕರೆತಂದಿದ್ದ ಮೇಷ್ಟ್ರು. ಅವರ ದೊಡ್ಡತನ ಅದು.

ಗೆಳೆಯ ಕಿವಿಯ ಹತ್ತಿರ ಬಂದ. "ಅರ್ಧ ಗಂಟೆ ಕಣೋ. ನಿಮ್ಮಜ್ಜಿ ಇಲ್ಲೀಗಂಟ ಬಂದು ನೋಡ್ತಾರೇನ್ಲೇ?"

"ನೋಡಲ್ಲ ಅಂತಾನೇ ಬಿಚ್ಚಲ್ಲ" ಎಂದೆ.

ಹನ್ನೊಂದು ಜನ ಒಳಗೆ ಹೋದರು. ಮೇಷ್ಟ್ರೂ ಹೋದರು. ನಾನು ಬೆಂಚಿನ ಮೇಲೆ ಕೂತು ಬೂದು ಬಣ್ಣದ ಬಾಗಿಲನ್ನೇ ನೋಡುತ್ತಿದ್ದೆ. ಒಳಗಿಂದ ಒಮ್ಮೆ ನಗು ಕೇಳಿಸಿತು. ಹೊರಗೆ ಬಂದವರು ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ನನ್ನನ್ನು ಕಂಡು ಸುಮ್ಮನಾದರು. ಒಳಗೇನಿತ್ತೆಂದು ನಾನು ಆವತ್ತೂ ಕೇಳಲಿಲ್ಲ, ವಿಮಾನದಲ್ಲೂ ಕೇಳಲಿಲ್ಲ. ಕೇಳಿದರೆ ನಾನು ಬಿಟ್ಟದ್ದು ಎಷ್ಟು ಎಂಬುದು ತಿಳಿದುಹೋಗುತ್ತದಲ್ಲ, ಅದಕ್ಕೆ.

ಊರಿಗೆ ಬಂದೆ. ಕಂಬಳಿ ಹಾಸಿತ್ತು, ಮಜ್ಜಿಗೆ ಬಂತು. ವಿಮಾನ, ಮಂಜು, ಉಪ್ಪಿಲ್ಲದ ಊಟ ಎಲ್ಲ ಹೇಳುತ್ತ ಆ ಬಾಗಿಲಿಗೆ ಬಂದು, ನಾನು ಹೇಗೆ ಮಾತು ಉಳಿಸಿಕೊಂಡೆ ಎಂಬುದನ್ನು ಸ್ವಲ್ಪ ಎಳೆದೇ ಹೇಳಿದೆ. ಅಜ್ಜಿ ಬೆನ್ನು ಸವರುತ್ತಾಳೆಂದುಕೊಂಡಿದ್ದೆ. ಅವಳು ಕರಡಿಗೆಯತ್ತ ಬೆರಳು ಮಾಡಿದಳು.

"ಅಲ್ಲಪ್ಪಾ, ಅವ್ನು ಬ್ಯಾಡ ಅಂದಿದ್ದು ಬೆಳ್ಳೀನ ತಾನೆ, ಕಲ್ಲಿನ ಲಿಂಗಾನಲ್ವಲ್ಲ? ದಿನಾ ಬೆಳಗ್ಗೆ ಪೂಜೇಲಿ ಕರಡಿಗೆ ತೆಗೆದು ಲಿಂಗಾನ ಅಂಗೈ ಮೇಲೆ ಇಟ್ಕೊಳ್ಳೋನು ನೀನೇ ಅಲ್ವೇನೋ?"

ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ.

"ನಿಮ್ಮಜ್ಜ ಬಾವಿ ತೋಡೋಕೆ ಇಳೀವಾಗ ಕರಡಿಗೆ ಗೂಡಲ್ಲಿಟ್ಟು, ಲಿಂಗಾನ ಬಟ್ಟೇಲಿ ಸುತ್ತಿ ರಟ್ಟೆಗೆ ಬಿಗ್ಕೊಂಡು ಇಳೀತಿದ್ರು. ನೀನೇ ನೋಡಿದೀಯ. ಇಷ್ಟು ಓದಿ ಒಂದು ಕರ್ಚೀಪು ಹೊಳೀಲಿಲ್ವೇನೋ?"

ಕರ್ಚೀಪು ಆವತ್ತು ನನ್ನ ಜೇಬಿನಲ್ಲೇ ಇತ್ತು. ಬೆಂಚಿನ ಮೇಲೆ ಕೂತಾಗ ಅದರಲ್ಲೇ ಮೂಗು ಒರೆಸಿಕೊಂಡಿದ್ದೆ.

"ಹೋಗ್ಲಿ, ಒಳಗೇನಿತ್ತು ಹೇಳು" ಎಂದಳು.

"ಗೊತ್ತಿಲ್ಲಜ್ಜಿ."

"ನೀನು ಕೊಟ್ಟಿದ್ದು ಒಂದ್ ಮಾತಲ್ಲಪ್ಪಾ, ಎರಡು." ದನಿಯಲ್ಲಿ ಸಿಟ್ಟಿರಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದಳು. ಕಂಬಳಿ ಅಲ್ಲೇ ಇತ್ತು. ಅವಳು ಅದನ್ನು ಮಡಿಸದೆ ಎದ್ದದ್ದು ನಾನು ಕಂಡಂತೆ ಅದೇ ಮೊದಲು.

ಮಾರನೆಯ ದಿನ ತರೀಕೆರೆ ಬಸ್ಸು ಹತ್ತಿ ಅಮೃತಾಪುರಕ್ಕೆ ಹೋದೆ. ಗೆಳೆಯ ಕಥೆಯೆಲ್ಲ ಕೇಳಿ, "ಈಗ ಬಂದ್ಯಾ ದಾರಿಗೆ? ನಿಮ್ಮಜ್ಜಿ ಜರ್ಮನಿಗೆ ಬಂದಿದ್ರೆ ನಿನ್ನ ಹೊರಗೆ ಬಿಟ್ಟು ಒಳಗೆ ಹೋಗೋರು ಕಣೋ" ಎಂದು ನಕ್ಕು, ಅಂಗಿ ಹಾಕಿಕೊಂಡು ನನ್ನ ಜೊತೆ ಹೊರಟ.

ಅಜ್ಜಿ ಅವನನ್ನು ಕಂಬಳಿಯ ನಡುವೆ ಕೂರಿಸಿದಳು. ಅವನು ಹೇಳಿದ: ಅಯಸ್ಕಾಂತ ನೋಡಲು ಏನೂ ಅಲ್ಲ, ಮನೆಯಷ್ಟು ಎತ್ತರದ ಉಕ್ಕಿನ ಡಬ್ಬ. ಹಗ್ಗದ ತುದಿಗೆ ಒಂದು ಸ್ಪ್ಯಾನರ್ ಕಟ್ಟಿ ಒಬ್ಬೊಬ್ಬರ ಕೈಗೂ ಕೊಟ್ಟರು. ಅದು ಗಾಳಿಯಲ್ಲಿ ಮಲಗಿದ ಹಾಗೆ ನಿಂತಿತು.

"ಎಳೆಯೋದು ಹೆಂಗಿತ್ತಪ್ಪಾ? ಎತ್ತು ಜಗ್ಗಿದಂಗಾ?"

ಅವನು ಯೋಚಿಸಿದ. "ಎತ್ತಲ್ಲಜ್ಜಿ. ಹಾಲು ಕರೆಯೋವಾಗ ಕರಾನ ಹಗ್ಗ ಹಿಡ್ಕೊಂಡು ನಿಂತಿರ್ತೀವಲ್ಲ, ತಾಯಿ ಕಡೆ ಜಗ್ಗುತ್ತಲ್ಲ, ಹಂಗೆ. ಒಂದು ಚಣಾನೂ ಬಿಡಲ್ಲ."

ಅಜ್ಜಿಯ ಬಲಗೈ ಮಡಿಲಲ್ಲೇ ಮೆಲ್ಲಗೆ ಮುಷ್ಟಿಯಾಯಿತು, ಹಗ್ಗ ಹಿಡಿದ ಹಾಗೆ.

ನಾನು ಕಂಬಳಿಯ ಅಂಚಿನಲ್ಲಿ, ಚಿಕ್ಕಂದಿನ ಜಾಗದಲ್ಲಿ ಕೂತಿದ್ದೆ. ಗೆಳೆಯ ಮಜ್ಜಿಗೆಗೆಂದು ಮಾತು ನಿಲ್ಲಿಸಿದ.

"ಆಮೇಲೆ?" ಎಂದವನು ನಾನೇ.