ಬರದ ದಿನಕ್ಕೂ ರಜೆ

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಆಕೆಯನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಕೆಲಸ ವಾರಕ್ಕೆ ಮೂರೇ ದಿನ: ಸೋಮವಾರ, ಬುಧವಾರ, ಶುಕ್ರವಾರ. ಉಳಿದವರು ಆರು ದಿನದಲ್ಲಿ ಸುರಿಸುವ ಬೆವರನ್ನು ಅಕ್ಕ ಆ ಮೂರರಲ್ಲೇ ಸುರಿಸುತ್ತಿದ್ದಳು. ಸುಕ್ಕು ಕಂಡರೆ ಆಕೆಗಾಗದು, ಅದು ಬಟ್ಟೆಯಲ್ಲಿರಲಿ, ಮನುಷ್ಯರ ಮಾತಿನಲ್ಲಿರಲಿ.

ಮಗಳಿಗೆ ದಿನ ತುಂಬುತ್ತಿತ್ತು. ಅವಳ ಊರಿಗೆ ಬಸ್ಸಿನಲ್ಲಿ ಒಂಬತ್ತು ಗಂಟೆಯ ದಾರಿ, ನಡುವಿನ ಒಂದು ಬಿಡುವಿನ ದಿನದಲ್ಲಿ ಹೋಗಿಬರುವ ಮಾತಲ್ಲ. “ಅಮ್ಮ, ಹೆರಿಗೆ ಹೊತ್ತಿಗೆ ನೀನು ಪಕ್ಕದಲ್ಲಿ ಇರ್ಲೇಬೇಕು. ನಂಗೆ ತುಂಬಾ ಭಯ,” ಎಂದು ಫೋನಿನಲ್ಲಿ ಅತ್ತಿದ್ದಳು. ಅಕ್ಕ ಮಾತು ಕೊಟ್ಟಿದ್ದಳು. ಪೂರ್ತಿ ಕೆಲಸದವರಿಗೆ ವರ್ಷಕ್ಕೆ ಇಪ್ಪತ್ನಾಲ್ಕು ರಜೆ, ಅರ್ಧ ಕೆಲಸದ ಆಕೆಗೆ ಹನ್ನೆರಡು. ಗಂಡನ ಕಣ್ಣಿನ ಆಪರೇಷನ್ನಿಗೆ ಒಂದು ವಾರ, ತನ್ನ ಜ್ವರಕ್ಕೊಂದು ವಾರ ಹೋಗಿತ್ತು. ವಾರಕ್ಕೆ ಮೂರರಂತೆ ಆರು ಮುಗಿದು, ಇನ್ನೂ ಆರು ಇರಬೇಕು. ಮಗಳ ಹತ್ತಿರ ಎರಡು ವಾರ ಧಾರಾಳವಾಗಿ ಇರಬಹುದು.

ಅರ್ಜಿ ಹಿಡಿದು ಹೋದರೆ ರಜೆ ಗುಮಾಸ್ತ ಕಂಪ್ಯೂಟರಿನಿಂದ ತಲೆಯೆತ್ತದೆ, “ಒಂದೂ ಇಲ್ವಲ್ಲಮ್ಮ. ಎಲ್ಲಾ ಮುಗಿಸ್ಕೊಂಡಿದೀರಿ,” ಎಂದ.

“ಯಾವಾಗ ಮುಗಿಸ್ಕೊಂಡೆ? ಕನಸಲ್ಲಾ?”

ಆತ ಹಳೆಯ ಅರ್ಜಿಗಳನ್ನು ಮುಂದೆ ಹಾಕಿದ. ಫಾರಂನಲ್ಲಿ ಇದ್ದದ್ದು ಎರಡೇ ಕಲಂ: ಎಂದಿನಿಂದ, ಎಂದಿನವರೆಗೆ. ಅಕ್ಕನೇ ತನ್ನ ದುಂಡಗಿನ ಅಕ್ಷರದಲ್ಲಿ ಒಂದರಲ್ಲಿ ಸೋಮವಾರದಿಂದ ಭಾನುವಾರ, ಇನ್ನೊಂದರಲ್ಲಿ ಸೋಮವಾರದಿಂದ ಶುಕ್ರವಾರ ಎಂದು ತುಂಬಿದ್ದಳು. ಏಳು, ಐದು. ಹನ್ನೆರಡಕ್ಕೆ ಹನ್ನೆರಡೂ ಢಮಾರ್.

“ಮಂಗಳವಾರ ನಾನು ಬರೋದೇ ಇಲ್ಲ. ಬರದೇ ಇರೋ ದಿನಕ್ಕೆ ಎಂಥಾ ರಜೆ? ಕೊಡೋವಾಗ ಮೂರು ದಿನದವಳು ಅಂತ ಅರ್ಧ ಮಾಡಿದ್ರಿ. ಕಳೆಯೋವಾಗ ಮಾತ್ರ ಏಳು ದಿನದವಳಾ?”

“ನೀವೇ ಬರೆದಿದ್ದು, ನಿಮ್ದೇ ಸಹಿ. ತಿದ್ದೋಕೆ ಮೇಲಿನವರು ಒಪ್ಪಬೇಕು. ರಜೆ ಇಲ್ದೆ ಹೋದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ತಗೋತಾರೆ, ನೋಡಿ ಮತ್ತೆ.”

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಗುಮಾಸ್ತನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಆ ದುಂಡಗಿನ ಅಕ್ಷರದ ಮೇಲೆ ಬಂತು. ಅಲ್ಲೇ ನಿಂತು ತಿದ್ದುಪಡಿ ಅರ್ಜಿ ಬರೆದುಕೊಟ್ಟಳು. ಅದು ಮೇಲೆ ಹತ್ತಿತು, ಬೇಗ ಇಳಿಯಲಿಲ್ಲ. ಕೇಳಿದಾಗಲೆಲ್ಲ “ಸಹಿಗೆ ಹೋಗಿದೆ” ಎಂಬ ಒಂದೇ ರಾಗ. ಹೋಟೆಲಿನ ಎಂಟು ಅಂತಸ್ತು ಹತ್ತಿ ಇಳಿಯಲು ಒಂದು ಕಾಗದಕ್ಕೆ ಹದಿನಾರು ದಿನ! ಲಿಫ್ಟಿರುವ ಕಟ್ಟಡ ಬೇರೆ.

ಮಗಳಿಗೆ ನೋವು ಬಂದದ್ದು ಬುಧವಾರ. ಅಕ್ಕ ದೊಡ್ಡ ಮಂಚದ ಹೊದಿಕೆಗಳನ್ನು ಮಡಚುತ್ತಿದ್ದಾಗ ಅಳಿಯನ ಫೋನ್ ಬಂತು. “ಹೆಣ್ಣು ಮಗು, ಅತ್ತೆ. ಇಬ್ರೂ ಚೆನ್ನಾಗಿದಾರೆ. ಕೊನೇ ತನಕ ನಿಮ್ಮನ್ನೇ ಕರೀತಿದ್ಲು.” ಮೊಮ್ಮಗಳು ಬಂದ ಸಂತೋಷವೇನೋ ಆಯಿತು, ಆದರೆ ಆ ಕೊನೆಯ ಮಾತು ಎದೆಯಲ್ಲಿ ಕೂತುಬಿಟ್ಟಿತು. ಒಂದೇ ಹೊದಿಕೆಗೆ ಎರಡೆರಡು ಸಲ ಇಸ್ತ್ರಿ ಹಾಕಿದಳು.

ಶುಕ್ರವಾರ ಗುಮಾಸ್ತ ತಾನೇ ನೆಲಮಾಳಿಗೆಗೆ ಇಳಿದು ಬಂದ. “ನಿಮ್ ಲೆಕ್ಕವೇ ಸರಿ ಅಂತಾಯ್ತಮ್ಮ. ಆರು ರಜೆ ವಾಪಸ್. ಯಾವಾಗ ಬೇಕಾದ್ರೂ ತಗೊಳ್ಳಿ,” ಎಂದು ನಗುತ್ತ ಹೊಸ ಫಾರಂ ಚಾಚಿದ.

ಅಕ್ಕ ಕೈಯೊರೆಸಿಕೊಂಡು ಪೆನ್ನು ತೆಗೆದುಕೊಂಡಳು. ಎಂದಿನಿಂದ ಎಂಬಲ್ಲಿ ಬುಧವಾರ ಎಂದು ಬರೆದಳು. ಎಂದಿನವರೆಗೆ ಎಂಬಲ್ಲಿಯೂ ಬುಧವಾರ.

“ಬರೋ ಬುಧವಾರಾನಾ? ಒಂದೇ ದಿನ ಸಾಕಾ?”

“ಮೊನ್ನೆ ಬುಧವಾರ,” ಎಂದಳು ಅಕ್ಕ. “ಅದೊಂದನ್ನ ಕೊಡಿ. ಉಳಿದ ಐದನ್ನ ನೀವೇ ಇಟ್ಕೊಳ್ಳಿ.”