ಆಟೋ ಹತ್ತಬಾರದ ಸೈಕಲ್ಲು

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಜಟ್ಟಪ್ಪನ ಸೈಕಲ್ಲನ್ನು ಗುರುತಿಸಲು ಅದರ ಮೇಲೆ ಜಟ್ಟಪ್ಪ ಕೂತಿರಬೇಕೆಂದೇನೂ ಇಲ್ಲ. ಹಿಂದಿನ ಬ್ರೇಕಿಗೆ ಹವಾಯಿ ಚಪ್ಪಲಿಯ ತುಂಡು, ಎಡ ಪೆಡಲಿನ ಜಾಗದಲ್ಲಿ ಅಡಿಕೆ ಮರ ಸೀಳಿದ ದಬ್ಬೆಯ ಚೂರು, ಬೆಲ್ಲಿನ ಮುಚ್ಚಳ ಕಳೆದುಹೋದ ಕಡೆ ಸ್ಟೀಲು ಲೋಟದ ತಳ. ಟೈರು ಸೀಳಿದಲ್ಲಿ ಟ್ಯೂಬು ಹೊರಗೆ ಇಣುಕದಂತೆ ಒಳಗೊಂದು ಅಡಿಕೆ ಹಾಳೆಯ ಪಟ್ಟಿ. ಇಷ್ಟೆಲ್ಲ ಇದ್ದೂ ಇದು ಓಡುತ್ತದೆಯೇ ಎಂದು ಯಾರಾದರೂ ಕೇಳಿದರೆ ಅವನಿಗೆ ರೇಗುತ್ತದೆ. ಇಷ್ಟೆಲ್ಲ ಇರುವುದರಿಂದಲೇ ಓಡುತ್ತಿದೆ ಎನ್ನುವುದು ಅವನ ವಾದ.

ಹಾಗಂತ ಅವನೇನು ಮೆಕ್ಯಾನಿಕ್ಕಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ಕೆದಕಿ ಕೆದಕಿ ರಿಟೈರಾದವನು. ತೊಗರಿಬೇಳೆ ಬಾರದ ದಿನ ಹೆಸರುಬೇಳೆಯಲ್ಲೇ ಸಾರು ಮಾಡಿ, ಉಂಡವರಿಂದ ಚೆನ್ನಾಗಿದೆ ಅನ್ನಿಸಿಕೊಂಡ ಕೈ ಅದು. ಸೈಕಲ್ಲಿಗೂ ಅದೇ ನ್ಯಾಯ. ದಾರಿಯಲ್ಲಿ ಕೆಟ್ಟಿದ್ದನ್ನು ದಾರಿಯಲ್ಲಿ ಸಿಕ್ಕಿದ್ದರಿಂದಲೇ ಸರಿಮಾಡಬೇಕು, ಆ ರಿಪೇರಿ ತಾನಾಗಿ ಕೈಕೊಡುವ ತನಕ ಮುಟ್ಟಬಾರದು, ಅದಕ್ಕೆ ಸೈಕಲ್ಲು ಕೆಟ್ಟುನಿಂತ ಊರಿನ ಹೆಸರನ್ನೇ ಇಡಬೇಕು. ಹೀಗಾಗಿ ದಬ್ಬೆಯ ಪೆಡಲಿಗೆ ಆಲ್ಕೊಳ ಎಂದು ಹೆಸರು, ಚಪ್ಪಲಿಯ ಬ್ರೇಕಿಗೆ ಮಾಚೇನಹಳ್ಳಿ. ಕಾಫಿ ಕುಡಿಯುತ್ತ ಅವನು “ಮಾಚೇನಹಳ್ಳಿ ಸವೆದಿದೆ” ಎಂದು ಗೊಣಗಿದರೆ ಮನೆಗೆ ಬಂದ ನೆಂಟರು ಪಿಳಿಪಿಳಿ ನೋಡುತ್ತಾರೆ. ಹೆಂಡತಿ ಕರಿಬಸಮ್ಮ ಮಾತ್ರ ಬೈಯುತ್ತಲೇ ಒಂದು ಹಳೇ ಚಪ್ಪಲಿಯನ್ನು ತೆಗೆದಿಡುತ್ತಾಳೆ.

ಆಕೆಯ ಸಿಟ್ಟೆಲ್ಲ ಎರಡರ ಮೇಲೆ. ಒಂದು, ಸೈಕಲ್ಲಿನಿಂದ ಉದುರಿದ ಕಬ್ಬಿಣವನ್ನೆಲ್ಲ ಅವನು ತುಂಬಿಡುವ ಬಿಸ್ಕತ್ತಿನ ಡಬ್ಬಿ. ಅದಕ್ಕೆ ಮನೆಯೊಳಗೆ ಪ್ರವೇಶವಿಲ್ಲ, ಬಚ್ಚಲಿನ ಹಿಂದೆ ಇಟ್ಟಿಗೆಯ ಮೇಲೆ ಬಿದ್ದಿರಬೇಕು. ಇನ್ನೊಂದು, ಲಗೇಜ್ ಆಟೋ. ಆನೆ ನೋಡಿಕೊಂಡು ಬರುತ್ತೇನೆಂದು ಸಕ್ರೆಬೈಲಿಗೆ ಹೋದ ಗಂಡ ಚೈನು ತುಂಡಾಗಿ, ಹೂಕೋಸಿನ ಮೂಟೆಗಳ ನಡುವೆ ಸೈಕಲ್ಲು ತಬ್ಬಿಕೊಂಡು ಆಟೋದಲ್ಲಿ ಬಂದಿಳಿದಾಗ ಇಡೀ ಬೀದಿ ನಕ್ಕಿತ್ತು. ಅದೇ ಮೊದಲ ಸಲವೂ ಆಗಿರಲಿಲ್ಲ. ಕರಿಬಸಮ್ಮ ಬಾಗಿಲಲ್ಲೇ ನಿಂತು ಬೀದಿಗೆಲ್ಲ ಕೇಳುವಂತೆ ಆಣೆ ಇಟ್ಟಳು.

“ಕರಿಬಸಜ್ಜನ ಆಣೆ ರೀ. ಇನ್ನೊಂದ್ ಸಲ ಇದು ಆಟೋ ಹತ್ತಿ ಮನೆಗೆ ಬಂದ್ರೆ ಕೆಳಗಿಳಿಸೋದೇ ಬೇಡ, ಹಾಗೇ ಗುಜರಿಗೆ ಕಳಿಸ್ತೀನಿ.”

ಬೇರೆ ಯಾವ ದೇವರ ಆಣೆಯಾಗಿದ್ದರೂ ಜಟ್ಟಪ್ಪ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಕರಿಬಸಜ್ಜ ಅವಳಿಗೆ ಹೆಸರು ಕೊಟ್ಟ ದೇವರು, ಅವನ ಮೇಲೆ ಇಟ್ಟ ಆಣೆಯನ್ನು ಅವಳು ಯಾವತ್ತೂ ಮುರಿದವಳಲ್ಲ. ಅವನಿಗೆ ನಿಜವಾಗಿ ಭಯವಾಯಿತು.

ಅದಾದ ಮೇಲೆ ಬಂದ ಒಂದು ಭಾನುವಾರ ಅವನು ಶಿವಮೊಗ್ಗಕ್ಕೆ ಹೊರಟ. ಮಗಳು ಮೈತ್ರಿ ಇರುವುದು ಅಲ್ಲಿನ ಆಲ್ಕೊಳದಲ್ಲಿ. ಕರಿಬಸಮ್ಮ ಹುರಿದು ಕೊಟ್ಟ ಚಟ್ನಿಪುಡಿಯನ್ನು ಮಗಳಿಗೆ ಮುಟ್ಟಿಸಿ, ಊಟ ಹೊಡೆದು, ಒಂದು ನಿದ್ದೆಯನ್ನೂ ಮುಗಿಸಿ ಬಿಸಿಲು ಇಳಿದ ಮೇಲೆ ವಾಪಸು ಹೊರಟ. ನಿದಿಗೆ ದಾಟುತ್ತಿದ್ದಂತೆ ಎಡಗಾಲು ಇದ್ದಕ್ಕಿದ್ದಂತೆ ಹಗುರವಾಯಿತು. ಪೆಡಲಿನ ಕಾಲನ್ನು ಅಚ್ಚಿಗೆ ಬಿಗಿದಿಡುವ ಪಿನ್ನು ಎಲ್ಲೋ ಬಿದ್ದುಹೋಗಿತ್ತು. ಎಡ ಪೆಡಲು ತುಳಿದರೆ ಸುಮ್ಮನೆ ಗಿರಕಿ ಹೊಡೆಯುತ್ತದೆ, ಚಕ್ರಕ್ಕೆ ಸುದ್ದಿಯೇ ಇಲ್ಲ. ಬಲಗಾಲೊಂದರಲ್ಲೇ ತುಳಿಯೋಣವೆಂದರೆ ಅದು ಸವೆದ ಮಂಡಿಯ ಕಾಲು.

ಬಂದ ದಾರಿಯಲ್ಲೇ ಹಿಂದೆ ಹೋಗಿ ಹುಡುಕಿದ. ಪಿನ್ನು ಸಿಗಲಿಲ್ಲ. ಬೇಲಿಯ ದಬ್ಬೆ ಮುರಿದು, ಚೂಪು ಮಾಡಿ, ತೂತಿಗೆ ಕಲ್ಲಿನಿಂದ ಜಡಿದ. ಏರು ಬಂದ ಕೂಡಲೇ ದಬ್ಬೆ ಹಿಟ್ಟಾಯಿತು. ಗೂಡಂಗಡಿಯ ಹಲಗೆಯಿಂದ ಒಂದು ಮೊಳೆ ಬೇಡಿ ಪಡೆದ, ಸಣ್ಣದಾಯಿತು. ಅದರ ಸುತ್ತ ಸೋಡಾ ಬಾಟಲಿಯ ಮುಚ್ಚಳ ಜಜ್ಜಿ ಸುತ್ತಿದ, ಸ್ವಲ್ಪ ದೂರ ಓಡಿ ಅದೂ ಜಾರಿತು. ಕೈಯೆಲ್ಲ ಗ್ರೀಸು, ಬೆನ್ನೆಲ್ಲ ಬೆವರು. ಇನ್ನು ತಳ್ಳಿಕೊಂಡು ಹೋಗುವುದೊಂದೇ ಉಳಿಯಿತು, ಮಂಡಿ ಅದಕ್ಕೂ ತಕರಾರು ತೆಗೆಯಿತು.

ಅದೇ ಹೊತ್ತಿಗೆ ಮಲ್ಲಿಕನ ಲಗೇಜ್ ಆಟೋ ಪಕ್ಕಕ್ಕೆ ಬಂದು ನಿಂತಿತು. ಮಲ್ಲಿಕ್ ಅದೇ ಬೀದಿಯವನು, ಆಣೆಯನ್ನು ಕಿವಿಯಾರೆ ಕೇಳಿದವನು. ಆದರೂ “ಹತ್ತಿಸು ಜಟ್ಟಪ್ಪಣ್ಣ, ಬೀದಿಯ ಮೂಲೆಯಲ್ಲೇ ಇಳಿಸ್ತೀನಿ, ಅಕ್ಕನಿಗೆ ಗೊತ್ತಾಗಲ್ಲ” ಎಂದು ಒತ್ತಾಯ ಮಾಡಿದ. ಜಟ್ಟಪ್ಪನಿಗೆ ಒಂದು ಗಳಿಗೆ ಆಸೆಯಾಯಿತು. ಆದರೆ ಹೀಗೆ ಕದ್ದುಮುಚ್ಚಿ ತಂದ ಸೈಕಲ್ಲನ್ನು ಅವಳ ಕಣ್ಣೆದುರು ದಿನಾ ತುಳಿಯುವುದು ಹೇಗೆ? ಬೇಡ ಎಂದ. ಮಲ್ಲಿಕ್ ತಲೆ ಕೊಡವಿ ಹೊರಟುಹೋದ.

ಜಟ್ಟಪ್ಪ ಒಂದು ಮೋರಿಕಟ್ಟೆಯ ಮೇಲೆ ಕುಳಿತ. ಕೆಲಸ ಹೋಯಿತು, ಹಲ್ಲು ಹೋದವು, ಜೊತೆಯವರು ಒಬ್ಬೊಬ್ಬರೇ ಹೋದರು. ಇದೊಂದು ಉಳಿದಿತ್ತು. ಇದನ್ನೂ ಗುಜರಿಯವನ ತಕ್ಕಡಿಯ ಮೇಲೆ ನೋಡಬೇಕಲ್ಲ ಎಂದುಕೊಳ್ಳುತ್ತ ಹ್ಯಾಂಡಲಿನ ಧೂಳು ಒರೆಸಿದ.

ಸಂಜೆಗೆಂಪು ಇನ್ನೂ ಇರುವಾಗಲೇ ಮಲ್ಲಿಕನ ಆಟೋ ತಿರುಗಿ ಬಂತು. ಮುಂದಿನ ಸೀಟಿನಿಂದ ಕರಿಬಸಮ್ಮ ಇಳಿದಳು. ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ, ಕೈಯಲ್ಲಿ ತಾನು ಎಲೆ ಅಡಿಕೆ ಕುಟ್ಟುವ ಕುಟ್ಟಾಣಿಯ ಕಬ್ಬಿಣದ ಕೋಲು. ಸೈಕಲ್ಲು ಎತ್ತಿಹಾಕಲು ಮಲ್ಲಿಕ್ ಕೈ ಚಾಚಿದ್ದೇ ತಡ, ಅಡ್ಡ ನಿಂತಳು.

“ಮುಟ್ಬೇಡ ಮಾರಾಯ. ಅದು ಆಟೋ ಹತ್ತಿದ್ರೆ ನಾನು ಗುಜರಿಗೆ ಹಾಕ್ಲೇಬೇಕು. ಹಾಕೋಕೆ ನಂಗೆ ಮನಸ್ಸಿಲ್ಲ.”

ಎಡ ಪೆಡಲು ಸುಮ್ಮನೆ ತಿರುಗುತ್ತಿದೆ ಎಂದು ಮಲ್ಲಿಕ್ ಮನೆಗೆ ಬಂದು ಹೇಳಿದ್ದಷ್ಟೇ, ಪಿನ್ನೇ ಬಿದ್ದಿರಬೇಕು ಎಂದು ಆಕೆಗೆ ಗೊತ್ತಾಗಿತ್ತಂತೆ. ಸೈಕಲ್ಲಿನ ಪುರಾಣವನ್ನು ಮದುವೆಯಾದಾಗಿನಿಂದ ಕೇಳುತ್ತ ಬಂದವಳಲ್ಲವೇ. ಡಬ್ಬಿಯನ್ನು ರಸ್ತೆಯ ಮೇಲೆ ಸುರುವಿ, ಎಂದೋ ತೆಗೆದಿಟ್ಟಿದ್ದ ಸವೆದ ಪಿನ್ನೊಂದನ್ನು ಹೆಕ್ಕಿ ಕೊಟ್ಟಳು. ಜಟ್ಟಪ್ಪ ತೆಗೆದುಕೊಳ್ಳಲು ಅನುಮಾನಿಸಿದ. ಮನೆಯಿಂದ ಬಂದ ಸಾಮಾನು, ತನ್ನ ನಿಯಮಕ್ಕೆ ಕೂಡದು ಎಂದು ಗೊಣಗಿದ.

“ದಾರೀಲಿ ಸಿಕ್ಕಿದ್ದೇ ಆಗ್ಬೇಕು ಅಲ್ವಾ?” ಎಂದಳು ಕರಿಬಸಮ್ಮ. “ನಾನೀಗ ನಿಮಗೆ ಎಲ್ಲಿ ಸಿಕ್ಕಿದ್ದು?”

ಜಟ್ಟಪ್ಪ ಕೈ ಚಾಚಿ ಪಿನ್ನು ತೆಗೆದುಕೊಂಡ. ಸೋಡಾ ಮುಚ್ಚಳದ ತಗಡು ಸುತ್ತಿ ಪಿನ್ನನ್ನು ಇಟ್ಟು, ಕುಟ್ಟಾಣಿಯ ಕೋಲಿನಿಂದ ಜಡಿದ. ತುಳಿದು ನೋಡಿದ, ಗಟ್ಟಿಯಾಗಿ ಕುಳಿತಿತ್ತು.

ಆಮೇಲೆ ಆಕೆ ಆಟೋ ಹತ್ತಲಿಲ್ಲ. ಸೆರಗು ಸಿಕ್ಕಿಸಿ, ಡಬ್ಬಿಯನ್ನು ಮಡಿಲಲ್ಲಿಟ್ಟು ಕ್ಯಾರಿಯರಿನ ಮೇಲೆ ಕುಳಿತಳು. ಏರು ಬಂದಲ್ಲಿ ತಾನೇ ಇಳಿದು ನಡೆದಳು, ಇಳಿಜಾರು ಬಂದಾಗ ಮತ್ತೆ ಹತ್ತಿದಳು. ಖಾಲಿ ಆಟೋ ಹಿಂದಿನಿಂದ ದೀಪ ಬಿಟ್ಟುಕೊಂಡು ಬಂತು. ಓಲ್ಡ್ ಟೌನಿನ ಬೀದಿ ಈ ಸಲವೂ ನಕ್ಕಿತು. ಜಟ್ಟಪ್ಪ ಲೋಟದ ಬೆಲ್ಲನ್ನು ಬೇಕೆಂದೇ ಬಾರಿಸುತ್ತ ಹೋದ.

ರೂಢಿಯಂತೆ ಆ ಪಿನ್ನಿಗೆ ನಿದಿಗೆ ಎಂದು ಹೆಸರಾಯಿತು. ಮರುದಿನ ಬೆಳಿಗ್ಗೆ ಅವನು ಬಚ್ಚಲಿನ ಹಿಂದೆ ಹೋದರೆ ಇಟ್ಟಿಗೆಯ ಮೇಲೆ ಡಬ್ಬಿ ಇರಲಿಲ್ಲ. ಗುಜರಿಗೆ ಹೋಯಿತೋ ಏನೋ. ಕೇಳೋಣವೆಂದು ಒಳಗೆ ಬಂದ. ಕರಿಬಸಮ್ಮ ಒಗ್ಗರಣೆ ಹಾಕುತ್ತಿದ್ದಳು. ಗೂಡಿನಲ್ಲಿ, ಸಾಸಿವೆ ಡಬ್ಬಿಯ ಪಕ್ಕದಲ್ಲಿ, ಬಿಸ್ಕತ್ತಿನ ಡಬ್ಬಿಯನ್ನು ಒರೆಸಿ ಇಟ್ಟಿದ್ದಳು.